ಚಿತ್ರದುರ್ಗ ಜಿಲ್ಲೆ: ಕಾರ್ಮಿಕ ಚರಿತ್ರೆ ಮತ್ತು ಹಕ್ಕುಗಳು

ಕಾರ್ಮಿಕ ಚರಿತ್ರೆ ಎಂದರೆ ದುಡಿಯುವವರ ಕೂಲಿ, ವಸತಿ, ಸಂಘಟನೆ ಹಾಗೂ ಮುಷ್ಕರಗಳ ಅಧ್ಯಯನ. ಮೈಸೂರು ಸಂಸ್ಥಾನದ ಮಟ್ಟಿಗೆ ಈ ಕ್ಷೇತ್ರದ ಪ್ರಮುಖ ಕೃತಿ 1998ರಲ್ಲಿ ಪ್ರಕಟವಾದ ಜಾನಕಿ ನಾಯರ್ ಅವರ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’. ಅದು ಕೋಲಾರದ ಚಿನ್ನದ ಗಣಿ ಮತ್ತು ಬೆಂಗಳೂರಿನ ಬಟ್ಟೆ ಗಿರಣಿಗಳ ಕಾರ್ಮಿಕರನ್ನು ಕುರಿತದ್ದು. ಚಿತ್ರದುರ್ಗದ ದುಡಿಮೆಗೂ ಅಷ್ಟೇ ಆಳವಾದ ಅಧ್ಯಯನ ಸಲ್ಲಬೇಕು. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರದ ಅಣೆಕಟ್ಟು ಕಲ್ಲು ಹೊತ್ತ ಕೂಲಿಗಳ ಶ್ರಮದ ಫಲ. ಗಿರಣಿ ಕಾರ್ಮಿಕರ ಸಂಘಟನೆಗೆ ಹೆಸರಾದ ದಾವಣಗೆರೆಯೂ 1997ರವರೆಗೆ ಇದೇ ಜಿಲ್ಲೆಯಲ್ಲಿತ್ತು.

ಚಿತ್ರದುರ್ಗದ ಬಳಿಯ ಇಂಗಳದಾಳ್ ತಾಮ್ರಕ್ಕೆ, ಹೊಳಲ್ಕೆರೆ ಮತ್ತು ಹೊಸದುರ್ಗದ ಗುಡ್ಡಗಳು ಕಬ್ಬಿಣದ ಅದಿರಿಗೆ ಹೆಸರಾಗಿವೆ. 1952ರ ಗಣಿ ಕಾಯ್ದೆಯು ವಾರದ ದುಡಿಮೆಗೆ 48 ಗಂಟೆಗಳ ಮಿತಿ ಹಾಕಿತು. 18 ವರ್ಷ ತುಂಬದವರನ್ನು ಗಣಿ ಕೆಲಸಕ್ಕೆ ನೇಮಿಸುವುದನ್ನು ಅದರ 1983ರ ತಿದ್ದುಪಡಿ ನಿಷೇಧಿಸಿತು. ಅಕ್ರಮ ಗಣಿಗಾರಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರ ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿತು. ಪರಿಸರಕ್ಕೆ ಅನಿವಾರ್ಯವಾಗಿದ್ದ ಈ ಆದೇಶದಿಂದ ಅದಿರು ತುಂಬುವ, ಲಾರಿ ಓಡಿಸುವ ಕೆಲಸವನ್ನೇ ನಂಬಿದ್ದವರ ಆದಾಯವೂ ನಿಂತಿತೆಂಬುದನ್ನು ಮರೆಯಲಾಗದು. ಗಣಿಬಾಧಿತರ ಹಿತಕ್ಕಾಗಿ ಜಿಲ್ಲಾ ಖನಿಜ ಪ್ರತಿಷ್ಠಾನಗಳ ಸ್ಥಾಪನೆಗೆ ಅವಕಾಶ ಕಲ್ಪಿಸಿದ್ದು 2015ರ ಕಾನೂನು ತಿದ್ದುಪಡಿ.