ಪಾದ ತೊಳೆದರಷ್ಟೇ ಸಾಲದು, ನೋಡಬೇಕು

ಅಮೆರಿಕದ ದಕ್ಷಿಣ ಕರೋಲಿನಾ ರಾಜ್ಯದ ಯಾರ್ಕ್ ಕೌಂಟಿಯಲ್ಲಿ, ಶಾರ್ಲಟ್ ಮಹಾನಗರದ ಮಗ್ಗುಲಿನಲ್ಲಿರುವ ಫೋರ್ಟ್ ಮಿಲ್ ಪಟ್ಟಣದ ಕ್ಯಾಥೊಲಿಕ್ ಚರ್ಚು ಸಂತ ಫಿಲಿಪ್ ನೇರಿಯವರ ಹೆಸರನ್ನು ಹೊತ್ತಿದೆ. ಈ ಸಂತರು 1548ರಲ್ಲಿ ರೋಮಿನಲ್ಲಿ ಕಟ್ಟಿದ ಭ್ರಾತೃಸಂಘವು, 1550ರ ಜುಬಿಲಿ ವರ್ಷದಲ್ಲಿ ದೂರದೂರದಿಂದ ನಡೆದು ಬಂದ ಬಡ ಯಾತ್ರಿಕರಿಗೆ ಊಟ ವಸತಿ ಒದಗಿಸಿದ್ದಲ್ಲದೆ, ಅವರ ಪಾದಗಳನ್ನು ತೊಳೆಯುವುದನ್ನೂ ತನ್ನ ನಿತ್ಯದ ಕೆಲಸವಾಗಿ ಮಾಡಿಕೊಂಡಿತ್ತು. ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಯೇಸು ಶಿಷ್ಯರ ಕಾಲು ತೊಳೆದ ಪ್ರಸಂಗವೇ ಇದಕ್ಕೆ ಮೂಲ. ಇಂದು ಆ ಪ್ರಸಂಗವನ್ನು ಪವಿತ್ರ ಗುರುವಾರದ ಪಾದ ತೊಳೆಯುವ ವಿಧಿಯಾಗಿ ಆಚರಿಸಲಾಗುತ್ತದೆ. ಕ್ಯಾಥೊಲಿಕ್ ಸಭೆಯ 1955ರ ಸುಧಾರಣೆಯು ಈ ವಿಧಿಯನ್ನು ಸಂಜೆಯ ಬಲಿಪೂಜೆಯೊಳಗೆ ಸೇರಿಸಿತು, 2016ರಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು ಮಹಿಳೆಯರಿಗೂ ತೆರೆದರು. ಕರೋಲಿನಾಗಳಲ್ಲಿ ಹರಡಿರುವ ಫ್ರೀ ವಿಲ್ ಬ್ಯಾಪ್ಟಿಸ್ಟ್ ಸಭೆಗಳಲ್ಲಿಯಂತೂ ಸದಸ್ಯರು ಪರಸ್ಪರರ ಕಾಲು ತೊಳೆಯುವುದು ಕರ್ತನ ಭೋಜನದಂತೆಯೇ ಒಂದು ನಿಯಮವಾಗಿದೆ.

ಆದರೆ ವಿಧಿಯ ದಿನ ಪೀಠದ ಮುಂದೆ ಚಾಚುವ ಕಾಲು ಬಹುಮಟ್ಟಿಗೆ ಮನೆಯಲ್ಲೇ ತೊಳೆದು, ಉಗುರು ತೆಗೆದು, ಸಿದ್ಧಪಡಿಸಿ ತಂದ ಕಾಲು. ಆರೈಕೆ ನಿಜವಾಗಿ ಬೇಕಿರುವುದು ಉಳಿದ ದಿನಗಳಲ್ಲಿ ಕಾಲುಚೀಲದೊಳಗೆ ಅಡಗಿರುವ ಕಾಲಿಗೆ, ಅದರಲ್ಲಿಯೂ ಬೆಂಗಳೂರು, ಮೈಸೂರು, ಮಂಗಳೂರುಗಳಿಂದ ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಬಂದು ಕೆಲವು ತಿಂಗಳು ಉಳಿಯುವ, ಸಕ್ಕರೆ ಕಾಯಿಲೆಯಿರುವ ಹಿರಿಯರ ಕಾಲಿಗೆ.

ನೋವಿಲ್ಲದ ಪಾದವೇ ಅಪಾಯದ ಪಾದ

ಈ ವಿಷಯದಲ್ಲಿ ಕ್ರೈಸ್ತ ಶ್ರದ್ಧೆಯೂ ವೈದ್ಯವಿಜ್ಞಾನವೂ ಕೂಡಿದ ದೊಡ್ಡ ಹೆಸರು ಡಾ. ಪಾಲ್ ಬ್ರ್ಯಾಂಡ್ ಅವರದು. ತಮಿಳುನಾಡಿನ ಕೊಲ್ಲಿ ಬೆಟ್ಟಗಳಲ್ಲಿ ಮಿಷನರಿ ದಂಪತಿಗಳಿಗೆ 1914ರಲ್ಲಿ ಹುಟ್ಟಿದ ಬ್ರ್ಯಾಂಡ್, 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜನ್ನು ಸೇರಿ, ಕುಷ್ಠರೋಗಿಗಳ ಬೆರಳುಗಳು ರೋಗದಿಂದಾಗಿ ತಾವಾಗಿಯೇ ಕೊಳೆತು ಉದುರುತ್ತವೆಂಬ ಅಂದಿನ ನಂಬಿಕೆ ತಪ್ಪೆಂದು ತೋರಿಸಿದರು. ರೋಗವು ನರಗಳನ್ನು ಕೆಡಿಸುವುದರಿಂದ ನೋವು ತಿಳಿಯದಾಗುತ್ತದೆ, ನೋವು ತಿಳಿಯದವನು ಮೊಳೆ ಚುಚ್ಚಿದ ಕಾಲಿನ ಮೇಲೆಯೇ ನಡೆಯುತ್ತಾನೆ, ಹೀಗೆ ಮತ್ತೆ ಮತ್ತೆ ಬೀಳುವ ಪೆಟ್ಟಿನಿಂದಲೇ ಅಂಗ ನಾಶವಾಗುತ್ತದೆ ಎಂಬುದು ಅವರ ನಿರ್ಣಯವಾಗಿತ್ತು. 1966ರಲ್ಲಿ ಅಮೆರಿಕದ ಲೂಯಿಸಿಯಾನಾ ರಾಜ್ಯದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದ ಮೇಲೆ, ಅವರು ಮತ್ತು ಅವರ ಸಹೋದ್ಯೋಗಿಗಳು ಇದೇ ತತ್ತ್ವವನ್ನು ಮಧುಮೇಹಿಗಳ ಪಾದಕ್ಕೂ ಅನ್ವಯಿಸಿದರು. ಏಕೆಂದರೆ ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ಕಾಲಿನ ನರಗಳು ಅದೇ ಬಗೆಯಲ್ಲಿ ಸ್ಪರ್ಶಜ್ಞಾನವನ್ನು ಕಳೆದುಕೊಳ್ಳುತ್ತವೆ. ಕಾಲು ಕತ್ತರಿಸುವ ಶಸ್ತ್ರಚಿಕಿತ್ಸೆಯನ್ನು ತಡೆಯಲೆಂದು 1992ರಲ್ಲಿ ಕಾರ್ವಿಲ್‌ನಲ್ಲಿ ಆರಂಭವಾದ ‘ಲೀಪ್’ ಕಾರ್ಯಕ್ರಮದ ಐದು ಅಂಶಗಳು, ಅಂದರೆ ವರ್ಷಕ್ಕೊಮ್ಮೆ ತಪಾಸಣೆ, ರೋಗಿಗೆ ತಿಳಿವಳಿಕೆ, ದಿನವೂ ಪಾದ ನೋಡಿಕೊಳ್ಳುವುದು, ಸರಿಯಾದ ಪಾದರಕ್ಷೆ ಮತ್ತು ಸಣ್ಣ ತೊಂದರೆಗಳ ನಿರ್ವಹಣೆ, ಮನೆಯ ಆರೈಕೆಗೂ ಆಧಾರವಾಗಬಲ್ಲವು.

ದಿನನಿತ್ಯದ ಕ್ರಮ

ಮೊದಲ ಹೆಜ್ಜೆ ನೋಡುವುದು. ರಾತ್ರಿಯ ಪ್ರಾರ್ಥನೆಗೆ ಮೊದಲೋ ನಂತರವೋ ಒಂದು ನಿಗದಿತ ಹೊತ್ತಿನಲ್ಲಿ, ಒಳ್ಳೆಯ ಬೆಳಕಿನಡಿ, ಪಾದದ ಮೇಲ್ಭಾಗ, ಅಂಗಾಲು, ಹಿಮ್ಮಡಿ ಮತ್ತು ಪ್ರತಿಯೊಂದು ಬೆರಳ ಸಂದನ್ನು ಪರೀಕ್ಷಿಸಿ, ಬೊಕ್ಕೆ, ಬಿರುಕು, ಕೆಂಪು, ಬಾವು, ತೇವ, ಬಣ್ಣ ಬದಲಾದ ಉಗುರು ಇವುಗಳಲ್ಲಿ ಯಾವುದಾದರೂ ಇದೆಯೇ ಎಂದು ಗಮನಿಸಬೇಕು. ಬೆನ್ನು ಬಾಗದ, ಕಣ್ಣು ಮಂದವಾದ ಹಿರಿಯರಿಗೆ ಸ್ವಂತ ಅಂಗಾಲು ಕಾಣಿಸುವುದಿಲ್ಲವಾದ್ದರಿಂದ, ನೆಲದ ಮೇಲಿಟ್ಟ ಕನ್ನಡಿಗಿಂತ ಮಗನೋ ಸೊಸೆಯೋ ಮೊಮ್ಮಗಳೋ ಬಗ್ಗಿ ನೋಡುವುದೇ ಮೇಲು. ಕಿರಿಯರ ಕೈಗೆ ಕಾಲು ಕೊಡಲು ಹಿರಿಯರು ಸಂಕೋಚಪಡುವುದು ಸಹಜ; ಯೇಸು ಕಾಲು ತೊಳೆಯಲು ಬಂದಾಗ ಶಿಷ್ಯ ಪೇತ್ರನೂ ಮೊದಲು ಒಪ್ಪಿರಲಿಲ್ಲವೆಂಬುದನ್ನು ಇಂಥಲ್ಲಿ ನೆನಪಿಸಬಹುದು.

ಎರಡನೆಯದು ತೊಳೆಯುವುದು. ನೀರು 32ರಿಂದ 35 ಡಿಗ್ರಿ ಸೆಲ್ಸಿಯಸ್, ಅಂದರೆ ಅಮೆರಿಕದ ಅಳತೆಯಲ್ಲಿ 90ರಿಂದ 95 ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಬೆಚ್ಚಗಿದ್ದರೆ ಸಾಕು; ಅದನ್ನು ಕಾಲಿನಿಂದಲ್ಲ, ಮೊಣಕೈಯಿಂದ ಅಥವಾ ಥರ್ಮಾಮೀಟರಿನಿಂದ ಪರೀಕ್ಷಿಸಬೇಕು. ದಣಿವಾರಲೆಂದು ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲು ನೆನೆಸಿ ಕೂರುವ ರೂಢಿಯನ್ನು ಮಧುಮೇಹಿಗಳು ಬಿಡಬೇಕು, ಏಕೆಂದರೆ ಅದು ಚರ್ಮವನ್ನು ಒಣಗಿಸಿ ಬಿರುಕು ತರುತ್ತದೆ, ಅರಿವಿಲ್ಲದ ಕಾಲನ್ನು ಸುಡಲೂಬಹುದು. ತೊಳೆದ ಮೇಲೆ ಬೆರಳ ಸಂದುಗಳನ್ನು ಮೆತ್ತನೆಯ ಬಟ್ಟೆಯಿಂದ ಒತ್ತಿ ಒಣಗಿಸಿ, ಅಂಗಾಲು ಹಿಮ್ಮಡಿಗಳಿಗೆ ಮಾತ್ರ ಮುಲಾಮು ಹಚ್ಚಬೇಕು. ಸಂದುಗಳಲ್ಲಿ ಜಿಡ್ಡು ನಿಂತರೆ ಶಿಲೀಂಧ್ರದ ಸೋಂಕಿಗೆ ದಾರಿಯಾಗುತ್ತದೆ. ಉಗುರನ್ನು ಮೂಲೆಗಳಲ್ಲಿ ಒಳಕ್ಕೆ ಕತ್ತರಿಸದೆ ನೇರವಾಗಿ ತೆಗೆಯಬೇಕು. ಕಾಲಿನ ಆಣಿಯನ್ನು ಬ್ಲೇಡಿನಿಂದ ಕೊಯ್ಯುವುದಾಗಲಿ, ಊರಿನಿಂದ ತಂದ ಕಾರ್ನ್ ಕ್ಯಾಪ್ ಅಂಟಿಸುವುದಾಗಲಿ ಕೂಡದು. ಅದರಲ್ಲಿರುವ ಸ್ಯಾಲಿಸಿಲಿಕ್ ಆಮ್ಲವು ಆಣಿಯೊಂದಿಗೆ ಸುತ್ತಲಿನ ಒಳ್ಳೆಯ ಚರ್ಮವನ್ನೂ ತಿನ್ನುತ್ತದೆ.

ಮೂರನೆಯದು ಪಾದರಕ್ಷೆ. ಮನೆಯೊಳಗೆ ಬರಿಗಾಲಿನಲ್ಲಿ ಓಡಾಡುವ ಭಾರತೀಯ ರೂಢಿಗೆ ಮಧುಮೇಹಿಗಳ ಮಟ್ಟಿಗೆ ವಿನಾಯಿತಿ ಬೇಕಾಗಿದ್ದು, ಒಳಗೆ ಬಳಸಲೆಂದೇ ಒಂದು ಪ್ರತ್ಯೇಕ ಜೊತೆಯನ್ನು ಇಟ್ಟುಕೊಳ್ಳುವುದು ಮಡಿವಂತಿಕೆಗೂ ಒಗ್ಗುವ ಪರಿಹಾರ. ಬೆರಳ ಸಂದಿನಲ್ಲಿ ಪಟ್ಟಿ ಉಜ್ಜುವ ಹವಾಯಿ ಚಪ್ಪಲಿ ಇವರಿಗೆ ಹೊಂದುವುದಿಲ್ಲ. ಸ್ಪರ್ಶಜ್ಞಾನ ಕುಂದಿದವರಿಗಾಗಿ ಭಾರತದಲ್ಲಿ ತಯಾರಾಗುವ ‘ಎಂಸಿಆರ್’ ಚಪ್ಪಲಿ, ಅಂದರೆ ಸಣ್ಣ ಗಾಳಿಗುಳ್ಳೆಗಳಿರುವ ಮೆತ್ತನೆಯ ರಬ್ಬರಿನ ಅಟ್ಟೆಯುಳ್ಳ ಪಾದರಕ್ಷೆಯನ್ನು ಪ್ರಯಾಣಕ್ಕೆ ಮೊದಲೇ ಅಳತೆ ಕೊಟ್ಟು ಮಾಡಿಸಿಕೊಂಡು ಬರುವುದು ಅನುಕೂಲ. ಶೂ ಕೊಳ್ಳುವುದಾದರೆ ಪಾದ ಸ್ವಲ್ಪ ಊದಿಕೊಂಡಿರುವ ಸಂಜೆಯ ಹೊತ್ತಿನಲ್ಲಿ ಕೊಳ್ಳಬೇಕು, ತೊಡುವ ಮೊದಲು ಪ್ರತಿ ಸಲವೂ ಒಳಗೆ ಕೈಯಾಡಿಸಿ ಕಲ್ಲುಚೂರು ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಚಳಿಗಾಲದಲ್ಲಿ ಹೀಟರಿನ ಮುಂದೆ ಕಾಲು ಚಾಚುವುದೂ ಬಿಸಿನೀರಿನ ಚೀಲ ಇಡುವುದೂ ಬೇಡ; ದಪ್ಪ ಕಾಲುಚೀಲವೇ ಸಾಕು.

ಬರಿಗಾಲ ಹರಕೆ

ತಪಸ್ಸು ಕಾಲದಲ್ಲಿ ಬರಿಗಾಲಿನಲ್ಲಿ ಶಿಲುಬೆಯ ಹಾದಿ ನಡೆಯುವ, ಬೆಂಗಳೂರಿನಿಂದ ವೇಳಾಂಗಣ್ಣಿಗೆ ಕಾಲ್ನಡಿಗೆಯಲ್ಲಿ ಹೋಗುವ ಹರಕೆಗಳು ಕನ್ನಡ ಕ್ರೈಸ್ತರಲ್ಲಿ ಹೊಸತಲ್ಲ. ಸ್ಪರ್ಶಜ್ಞಾನ ಕಳೆದುಕೊಂಡ ಪಾದಕ್ಕೆ ಇಂಥ ಹರಕೆ ಅಪಾಯಕಾರಿ. ಬೇಸಿಗೆಯಲ್ಲಿ ಕಾದ ಡಾಂಬರು ಅಂಗಾಲನ್ನು ಸುಟ್ಟರೂ ಅಂಥವರಿಗೆ ತಿಳಿಯುವುದಿಲ್ಲ. ಹರಕೆ ಮುರಿದರೆ ಪಾಪವೆಂಬ ಭಯವುಳ್ಳವರು ತಿಳಿಯಬೇಕಾದ ಸಂಗತಿಯೊಂದಿದೆ: ಕ್ಯಾಥೊಲಿಕ್ ಧರ್ಮಸಭೆಯ 1983ರ ಕಾನೂನು ಸಂಹಿತೆಯ 1196 ಮತ್ತು 1197ನೆಯ ವಿಧಿಗಳ ಪ್ರಕಾರ, ಸೂಕ್ತ ಕಾರಣವಿದ್ದಾಗ ಧರ್ಮಕೇಂದ್ರದ ಗುರುಗಳು ಖಾಸಗಿ ಹರಕೆಯಿಂದ ವಿನಾಯಿತಿ ಕೊಡಬಲ್ಲರು, ಹರಕೆ ಹೊತ್ತವರು ತಾವೇ ಅದನ್ನು ಸಮಾನವಾದ ಅಥವಾ ಅದಕ್ಕಿಂತ ಉತ್ತಮವಾದ ಸತ್ಕಾರ್ಯಕ್ಕೆ ಬದಲಿಸಲೂಬಹುದು. ಹಾಗೆ ಬದಲಿಸಬಯಸುವವರಿಗೆ ಅಟ್ಲಾಂಟಾದಲ್ಲಿ ಒಂದು ಮಾದರಿಯಿದೆ. ಅಲ್ಲಿನ ಚರ್ಚ್ ಆಫ್ ದ ಕಾಮನ್ ಗ್ರೌಂಡ್ ಎಂಬ ಎಪಿಸ್ಕೋಪಲ್ ಸಭೆಯು ಸೂರಿಲ್ಲದವರ ಪಾದ ತೊಳೆದು ಆರೈಕೆ ಮಾಡುವ ಸೇವೆಯನ್ನು ನಡೆಸಿಕೊಂಡು ಬಂದಿದೆ.

ವೈದ್ಯರು, ವಿಮೆ, ತುರ್ತು

ವರ್ಷಕ್ಕೊಮ್ಮೆಯಾದರೂ ವೈದ್ಯರಿಂದ ಪಾದದ ತಪಾಸಣೆ ಆಗಬೇಕು. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ ಸ್ಪರ್ಶ ತಿಳಿಯುತ್ತದೆಯೇ ಎಂದು ನೋಡುವುದೂ, ಪಾದದ ನಾಡಿ ಮುಟ್ಟಿ ರಕ್ತಸಂಚಾರವನ್ನು ಅರಿಯುವುದೂ ಇದರಲ್ಲಿ ಸೇರಿವೆ. ಪ್ರವಾಸಿ ವಿಮೆಗಳು ಮೊದಲಿನಿಂದಲೂ ಇರುವ ಕಾಯಿಲೆಯ ಖರ್ಚನ್ನು ಸಾಮಾನ್ಯವಾಗಿ ಭರಿಸುವುದಿಲ್ಲವಾದ್ದರಿಂದ, ಹಿರಿಯರು ಊರಿನಲ್ಲಿಯೇ ಈ ತಪಾಸಣೆ ಮುಗಿಸಿ ವಿಮಾನ ಹತ್ತುವುದು ಲೇಸು. ಅಮೆರಿಕದಲ್ಲಿಯೇ ನೆಲೆಸಿ, ಅಲ್ಲಿನ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಪಡೆದಿರುವ ಮಧುಮೇಹಿಗಳಲ್ಲಿ ಪಾದದ ಸ್ಪರ್ಶಜ್ಞಾನ ಕುಂದಿರುವವರಿಗೆ ಆರು ತಿಂಗಳಿಗೊಮ್ಮೆ ಪಾದ ತಪಾಸಣೆಯ ಸೌಲಭ್ಯವೂ, ವೈದ್ಯರು ಅಗತ್ಯವೆಂದು ದೃಢಪಡಿಸಿದರೆ ವರ್ಷಕ್ಕೊಂದು ಜೊತೆ ವಿಶೇಷ ಶೂಗಳೂ ದೊರೆಯುತ್ತವೆ. ಅಲ್ಲಿ ಪಾದದ ಚಿಕಿತ್ಸೆಗೆಂದೇ ತರಬೇತಿ ಪಡೆದ ವೈದ್ಯರನ್ನು ಪೋಡಿಯಾಟ್ರಿಸ್ಟ್ ಎನ್ನುತ್ತಾರೆ.

ಒಂದು ಪಾದ ಮಾತ್ರ ಬಿಸಿಯಾಗಿ, ಕೆಂಪಾಗಿ ಊದಿಕೊಂಡಿದ್ದರೆ, ನೋವಿಲ್ಲದಿದ್ದರೂ ಅದು ಮೂಳೆಗಳೇ ಕುಸಿಯುವ ಚಾರ್ಕೊ ಪಾದದ ಆರಂಭವಾಗಿರಬಹುದು. ಅಂಥ ಕಾಲಿನ ಮೇಲೆ ಭಾರ ಹಾಕದೆ ಅಂದೇ ವೈದ್ಯರನ್ನು ಕಾಣಬೇಕು. ಹುಣ್ಣಿನಿಂದ ಕೀವು ಅಥವಾ ದುರ್ವಾಸನೆ ಬಂದರೆ, ಚರ್ಮ ಕಪ್ಪಾದರೆ, ಕೆಂಪು ಮೇಲೇರತೊಡಗಿದರೆ, ಅಥವಾ ಜೊತೆಗೆ ಜ್ವರ ಬಂದರೆ, ಭಾನುವಾರದ ಆರಾಧನೆ ಮುಗಿಯಲೆಂದೂ ವಿಮೆಯವರು ಫೋನ್ ಎತ್ತಲೆಂದೂ ಕಾಯದೆ ನೇರವಾಗಿ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು.