ಹತ್ತು ವರ್ಷದ ಅತಿಥಿ

ದ್ವಿತೀಯ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ‘ನಿರ್ದೇಶನ’ ಎಂಬ ಪಾಠವಿದೆ. ಹಣ ಕೊಡದೆಯೂ ನೌಕರರನ್ನು ಹುರಿದುಂಬಿಸುವ ಪ್ರೋತ್ಸಾಹಕಗಳಲ್ಲಿ ಉದ್ಯೋಗ ಭದ್ರತೆಯೂ ಒಂದು ಎಂದು ಅಲ್ಲಿ ಓದುತ್ತೇವೆ. ನಾಳಿನ ಆದಾಯದ ಚಿಂತೆ ಇಲ್ಲದವರು ಹುರುಪಿನಿಂದ ದುಡಿಯುತ್ತಾರೆ. ಕೂಡಲೇ ಒಂದು ಎಚ್ಚರಿಕೆಯೂ ಇದೆ: ಕೆಲಸ ಹೋಗುವುದಿಲ್ಲವೆಂದು ಗೊತ್ತಾದರೆ ಜನ ಮೈಮರೆಯಬಹುದು. ಪರೀಕ್ಷೆಯಲ್ಲಿ ಎರಡನ್ನೂ ಬರೆದು ಅಂಕ ಪಡೆಯುತ್ತೇವೆ. ಇವುಗಳಲ್ಲಿ ಯಾವುದು ಹೆಚ್ಚು ನಿಜ?

ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರನ್ನು ನೋಡೋಣ. ಮುಂದೆ ನಾವು ಅರಸೀಕೆರೆಯಲ್ಲೋ ಬೇಲೂರಿನಲ್ಲೋ ಬಿ.ಕಾಂ. ಸೇರಿದರೆ ನಮಗೆ ಪಾಠ ಮಾಡುವವರಲ್ಲಿ ಅವರೂ ಇರುತ್ತಾರೆ. ರಾಜ್ಯದಲ್ಲಿ ಹತ್ತು ವರ್ಷ ದಾಟಿದ ‘ಅತಿಥಿ’ಗಳೂ ಇದ್ದಾರೆ! ನಮ್ಮ ಮನೆಗಳಲ್ಲಿ ಮೆಹಮಾನ್ ಅಷ್ಟು ದಿನ ಉಳಿದರೆ ಮನೆಯವರೇ ಆಗಿಬಿಡುತ್ತಾರೆ. ಇವರಿಗೆ ಮಾತ್ರ ಶೈಕ್ಷಣಿಕ ವರ್ಷ ಮುಗಿದರೆ ನೇಮಕವೂ ಮುಗಿಯಿತು. ಮತ್ತೆ ಅರ್ಜಿ, ಮತ್ತೆ ಕೌನ್ಸೆಲಿಂಗ್.

2022ರ ಜನವರಿಯಲ್ಲಿ ಸರ್ಕಾರ ಇವರ ಗೌರವಧನ ಹೆಚ್ಚಿಸಿತು. ಯುಜಿಸಿ ಅರ್ಹತೆ ಮತ್ತು ಐದು ವರ್ಷಕ್ಕೂ ಮೀರಿದ ಸೇವೆ ಇದ್ದವರಿಗೆ 13,000 ರೂಪಾಯಿ ಇದ್ದದ್ದು 32,000 ಆಯಿತು. ಜೊತೆಗೆ ವಾರಕ್ಕೆ 8-10 ಗಂಟೆ ಇದ್ದ ಪಾಠ 15 ಗಂಟೆಗೆ ಏರಿತು. ಲೆಕ್ಕ ನಾವೇ ಹಾಕಬಹುದು: ಮೂವರು ಹತ್ತು ಗಂಟೆಯಂತೆ ಮಾಡುತ್ತಿದ್ದ 30 ಗಂಟೆಯ ಪಾಠಕ್ಕೆ ಇನ್ನು ಇಬ್ಬರೇ ಸಾಕು. ಸಂಬಳ ಏರಿದ ದಿನವೇ ಮೂವರಿಗೂ ಭಯ ಶುರು, ಏಕೆಂದರೆ ಹೊರಗೆ ಹೋಗುವವರು ಯಾರೆಂದು ಯಾರಿಗೂ ಗೊತ್ತಿಲ್ಲ.

ಈ ಭಯ ನಿದ್ದೆ ಕೆಡಿಸುತ್ತದೆ. ಮನೆ ಕಟ್ಟುವುದು, ಮದುವೆ, ಮಕ್ಕಳ ಶಾಲೆ ಎಲ್ಲವೂ ಮುಂದಿನ ವರ್ಷದ ಪಟ್ಟಿಗಾಗಿ ಕಾಯಬೇಕು. ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಕೆಲಸದ ಮೇಲಿನ ಬದ್ಧತೆ ಬೇರೆ, ಸಂಸ್ಥೆಯ ಮೇಲಿನ ಬದ್ಧತೆ ಬೇರೆ. ಪಾಠವನ್ನು ಅವರು ಪ್ರೀತಿಯಿಂದಲೇ ಮಾಡಬಹುದು. ಆದರೆ ಮುಂದಿನ ಜೂನ್‌ನಲ್ಲಿ ತಾವೇ ಇರುತ್ತೇವೋ ಇಲ್ಲವೋ ಎಂದಿರುವಾಗ ಆ ಕಾಲೇಜಿಗಾಗಿ ಮೂರು ವರ್ಷದ ಯೋಜನೆ ಹಾಕುವುದು ಹೇಗೆ? ಸಂಜೆಯ ಹೊತ್ತು ಬೇರೆ ಪರೀಕ್ಷೆಯ ತಯಾರಿಗೆ ಹೋಗುತ್ತದೆ. ಅದನ್ನು ಸೋಮಾರಿತನ ಎನ್ನಲಾಗದು. ಹೆನ್ರಿ ಫೆಯೋಲ್ 1916ರಲ್ಲೇ ಸಿಬ್ಬಂದಿಯ ಸ್ಥಿರತೆಯನ್ನು ತನ್ನ 14 ತತ್ವಗಳಲ್ಲಿ ಸೇರಿಸಿದ್ದ: ಕೆಲಸಕ್ಕೆ ಹೊಂದಿಕೊಳ್ಳಲು ಯಾರಿಗಾದರೂ ಸಮಯ ಬೇಕು, ಅಷ್ಟರಲ್ಲಿ ಬದಲಾಯಿಸಿದರೆ ನಷ್ಟ ಸಂಸ್ಥೆಗೇ.

ಹಾಗಾದರೆ ಹೆಚ್ಚು ಹಣ ಕೊಟ್ಟರೆ ಸಾಲದೇ? ಎರಡು ಪಟ್ಟಿಗೂ ಮೀರಿ ಗೌರವಧನ ಏರಿದ ಮೇಲೂ 2023ರ ನವೆಂಬರ್‌ನಲ್ಲಿ ಅತಿಥಿ ಉಪನ್ಯಾಸಕರು ತರಗತಿ ಬಿಟ್ಟು ಮುಷ್ಕರಕ್ಕೆ ಕುಳಿತರು. 2024ರ ಜನವರಿಯಲ್ಲಿ ತುಮಕೂರಿನಿಂದ ಬೆಂಗಳೂರಿಗೆ ನಡೆದುಕೊಂಡು ಹೊರಟರು. ಅವರ ಮುಖ್ಯ ಬೇಡಿಕೆ ಸೇವೆ ಖಾಯಂ ಆಗಬೇಕೆಂಬುದು. ಗೌರವಧನ ಮತ್ತೆ ಏರಿತು, ಖಾಯಂ ಆಗಲಿಲ್ಲ.