ಹಲ್ಲು ನೋಡಿ, ಬೆನ್ನು ಮುಟ್ಟಿ

ಅಮೀನಗಡದ ಕುರಿಸಂತೆಯಲ್ಲಿ ಪಳಗಿದ ರೈತ ತಳಿಯ ಹೆಸರು ಕೇಳಿ ಸುಮ್ಮನಾಗುವುದಿಲ್ಲ. ಬಾಯಿ ತೆರೆಸಿ ಹಲ್ಲು ನೋಡುತ್ತಾನೆ, ಬೆನ್ನೆಲುಬಿನ ಮೇಲೆ ಅಂಗೈ ಒತ್ತುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಮೊಬೈಲಿನ ವ್ಯಕ್ತಿತ್ವ ಪರೀಕ್ಷೆಯಲ್ಲಿ ‘ನೀವು ಅಂತರ್ಮುಖಿ’ ಎಂಬ ಉತ್ತರ ಬಂದಾಗ ನೀವೂ ಹಾಗೇ ಮಾಡಿ. ಮನೋವಿಜ್ಞಾನಿ ಕಾರ್ಲ್ ಯೂಂಗ್ 1921ರಲ್ಲಿ ಬರೆದ ವಿಚಾರವನ್ನು ಹಿಡಿದು ಅಮೆರಿಕದ ತಾಯಿ-ಮಗಳು, ಕ್ಯಾಥರೀನ್ ಬ್ರಿಗ್ಸ್ ಮತ್ತು ಇಸಾಬೆಲ್ ಮೈಯರ್ಸ್, ಮನುಷ್ಯರನ್ನು 16 ಬಗೆ ಮಾಡಿದರು. ಇಂಥ ಪರೀಕ್ಷೆಗೆ ಕೆಲವು ವಾರ ಬಿಟ್ಟು ಮತ್ತೆ ಉತ್ತರಿಸಿದರೆ ಎಷ್ಟೋ ಜನರ ಬಗೆಯೇ ಬದಲಾಗುತ್ತದೆ. ಅದನ್ನು ನಂಬಿ ಓದು, ನೌಕರಿ, ಮದುವೆ ತೀರ್ಮಾನಿಸಬೇಡಿ. ‘ಮೊನ್ನೆ ಜಗಳದಲ್ಲಿ ನಾನೇಕೆ ಮಾತು ಬಿಟ್ಟೆ?’ ಎಂದು ಕೇಳಿಕೊಳ್ಳಲು ಅದು ನೆಪವಾದರೆ ಒಳ್ಳೆಯದೇ. ಅದನ್ನೇ ಅವ್ವನಿಗೂ ಕೇಳಿ. ನೀವು ಮುನಿದು ಊಟದ ತಟ್ಟೆ ಸರಿಸುವುದನ್ನು ಆಕೆ ಚಿಕ್ಕಂದಿನಿಂದ ನೋಡಿದ್ದಾಳೆ.